ಪ್ರಸ್ಥಾನವಿಟ್ಟ ಡೀಸೆಲ್ ಕಾರು

ಹೇಸ್‌ನಿಂದ ಸಟನ್‌ಗೆ ನಾವು ಹೊರಟದ್ದು ಶನಿವಾರ. ಆದರೆ ನನ್ನ ತಂಗಿ ಶಾಂತಾಳ ಲೆಕ್ಕದಲ್ಲಿ ಶುಕ್ರವಾರ ಸಂಜೆಯೇ ಹೊರಟಾಗಿತ್ತು. ಎರಡೂ ಲಂಡನ್ನಿನೊಳಗಿನ ಊರುಗಳೇ. ಒಂದು ಪಶ್ಚಿಮದ ಅಂಚಿನಲ್ಲಿ, ವಿಮಾನ ನಿಲ್ದಾಣದ ಮಗ್ಗುಲಿಗೆ. ಇನ್ನೊಂದು ದಕ್ಷಿಣದ ಅಂಚಿನಲ್ಲಿ. ನಡುವೆ ಹದಿನೆಂಟು ಮೈಲಿ ಇರಬಹುದು, ಕಾರಿನಲ್ಲಿ ಒಂದು ತಾಸಿನ ದಾರಿ. ಧಾರವಾಡದಿಂದ ಇಷ್ಟು ದೂರ ಹಾರಿ ಬಂದವಳಿಗೆ ಇದು ಯಾವ ಲೆಕ್ಕ ಎಂದುಕೊಂಡಿದ್ದೆ. ಇಡೀ ಪ್ರವಾಸದಲ್ಲಿ ನಾನು ಸೋತದ್ದು ಆ ಹದಿನೆಂಟು ಮೈಲಿಯಲ್ಲೇ.

ಸಟನ್‌ನಲ್ಲಿ ನಮ್ಮ ವಸಂತ ಮಾಮಾ ಇದ್ದಾರೆ, ಅವ್ವನ ಕಿರಿಯ ತಮ್ಮ. ಬಹಳ ಹಿಂದೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಹೋದವರು ಅಲ್ಲೇ ಉಳಿದರು. ಹೋಗುವ ಮೊದಲು ಧಾರವಾಡದಲ್ಲಿ ಅವರ ಹತ್ತಿರ ಒಂದು ಹಳೆಯ ಡೀಸೆಲ್ ಜೀಪಿತ್ತು. ನನಗೆ ಹದಿನೆಂಟು ತುಂಬಿದ ವರ್ಷ, ಮನೆಯಲ್ಲಿ ಯಾರನ್ನೂ ಕೇಳದೆ, ಕೆಲಗೇರಿ ರಸ್ತೆಯಲ್ಲಿ ಅವರು ನನಗೆ ಗಾಡಿ ಕಲಿಸಿದರು. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನದರಂತೆ ಕಿಡಿ ಇರುವುದಿಲ್ಲ. ಒಳಗೆ ಕಾವು ಇದ್ದರೇ ಅದು ಹೊತ್ತಿಕೊಳ್ಳುವುದು. ಚಳಿಯ ಮುಂಜಾನೆ ಮೊದಲು ಹೀಟರ್ ಹಾಕಿ ಸ್ವಲ್ಪ ಕಾಯಬೇಕು, ಆಮೇಲೆ ಚಾವಿಯನ್ನು ಪೂರ್ತಿ ತಿರುಗಿಸಬೇಕು. ನನಗೆ ಆ ತಾಳ್ಮೆ ಇರಲಿಲ್ಲ. "ಹೀಟರ್ ಕಾಯ್ಲಿ, ತಡಿಯವಾ ಡ್ರೈವರ್. ಎಲ್ಲಿ ಓಡಿ ಹೊಂಟಿ?" ಎನ್ನುತ್ತಿದ್ದರು ಮಾಮಾ. ಅಂದಿನಿಂದ ಅವರ ಬಾಯಲ್ಲಿ ನಾನು ಡ್ರೈವರ್. ನನ್ನ ನಿಜವಾದ ಹೆಸರಿನಿಂದ ಅವರು ಕರೆದದ್ದು ನನಗೆ ನೆನಪಿಲ್ಲ.

ಈಗ ಧಾರವಾಡದಲ್ಲಿ ನನ್ನದೊಂದು ನರ್ಸರಿ ಇದೆ. ಸಸಿ, ಗೊಬ್ಬರ, ಕುಂಡ ಎಲ್ಲವನ್ನೂ ಪಿಕಪ್ ಗಾಡಿಗೆ ಹೇರಿಕೊಂಡು ನಾನೇ ಓಡಿಸುತ್ತೇನೆ. ಗಂಡ ತೀರಿಕೊಂಡ ಮೇಲೆ ಯಾರ ಮುಂದೆಯೂ ಕೈಚಾಚದೆ ಬದುಕಿದ್ದೇನೆಂದರೆ ಅದು ಆ ಜೀಪಿನಿಂದ, ಆ ರಸ್ತೆಯಿಂದ. ಈ ಮಾತನ್ನು ಮಾಮಾನ ಎದುರು ಕೂತು ಒಂದು ಸಲ ಹೇಳಬೇಕು, ಅವರು ಅದನ್ನು ಕೇಳಿ ನನ್ನನ್ನು ಡ್ರೈವರ್ ಎಂದು ಕರೆಯಬೇಕು. ನನಗೆ ಲಂಡನ್ ಎಂದರೆ ಇಷ್ಟೇ ಆಗಿತ್ತು. ಅರಮನೆ, ಗಡಿಯಾರದ ಗೋಪುರ ಇವೆಲ್ಲ ಶಾಂತಾಳ ಒತ್ತಾಯಕ್ಕೆ ನೋಡಿದವು.

ತಡ ಮಾಡುವಂತಿರಲಿಲ್ಲ. ಮಾಮಾಗೆ ಕೆಲವು ವರ್ಷಗಳಿಂದ ಮರೆವಿನ ಕಾಯಿಲೆ. "ಮುಂಜಾನೆ ಹನ್ನೊಂದರ ತನಕ ಅವರು ಅವರಾಗೇ ಇರ್ತಾರ. ಆಮ್ಯಾಲೆ ನನ್ನ ಗುರ್ತೂ ಹತ್ತಂಗಿಲ್ಲ. ಬರೋದಿದ್ರ ಮುಂಜಾನೆ ಬಾ" ಎಂದು ಮಾಮಿ ಫೋನಿನಲ್ಲಿ ಹೇಳಿದ್ದರು. ನಾನು ಬಂದಿಳಿದ ವಾರ ಮಾಮಾಗೆ ಕೆಮ್ಮು ಹಿಡಿದಿತ್ತು, ಯಾರೂ ಹತ್ತಿರ ಹೋಗುವಂತಿರಲಿಲ್ಲ. ಕೊನೆಗೆ ಉಳಿದದ್ದು ಶನಿವಾರ ಒಂದೇ. ಭಾನುವಾರ ನನ್ನ ವಿಮಾನ.

ಶನಿವಾರವೇ ಶಾಂತಾಳಿಗೆ ತಲೆನೋವಾಯಿತು. ಅವಳ ಅಡುಗೆಮನೆಯಲ್ಲಿ ಹುಬ್ಬಳ್ಳಿಯಿಂದ ತರಿಸಿದ ಕ್ಯಾಲೆಂಡರ್ ತೂಗುತ್ತದೆ. ಅದರ ಪ್ರಕಾರ ಶನಿವಾರ ಮೂಡಣ ದಿಕ್ಕಿಗೆ ಹೊರಡಬಾರದು, ಸಟನ್ ಇರುವುದು ಹೆಚ್ಚುಕಡಿಮೆ ಆ ಕಡೆಗೇ, ಅದರ ಮೇಲೆ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲ. "ರಾಹುಗೆ ಇಲ್ಲಿ ಟೈಮ್ ಬ್ಯಾರೆ ಇರ್ತದೋ, ಅಲ್ಲೀದಽ ನಡೀತದೋ?" ಎಂದು ಅವಳ ಗಂಡ ಪ್ರಕಾಶ ಕೇಳಿದ. ಅವನು ವಿಮಾನ ನಿಲ್ದಾಣದ ಹತ್ತಿರದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಹೆಂಡತಿಯನ್ನು ಕೆಣಕುತ್ತಲೇ ಅವಳು ಹೇಳಿದ್ದನ್ನೆಲ್ಲ ಮಾಡುವ ಮನುಷ್ಯ. ಶಾಂತಾ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಅಕ್ಕ ಇಷ್ಟು ವರ್ಷದ ಮ್ಯಾಲೆ ಮಾಮಾನ್ನ ನೋಡಾಕ ಹೊಂಟಾಳ. ಕೆಟ್ಟ ಹೊತ್ತಿನ್ಯಾಗ ಕಳಸಂಗಿಲ್ಲ. ಇವತ್ತ ಸಂಜಿಗೆ ಪ್ರಸ್ಥಾನ ಇಡೋಣು" ಎಂದಳು.

ನಮ್ಮ ಕಡೆಯ ಈ ಪದ್ಧತಿ ತಿಳಿಯದವರಿಗೆ ಹೇಳುತ್ತೇನೆ. ಒಳ್ಳೆಯ ಹೊತ್ತು ಒಂದು, ಹೊರಡಬೇಕಾದ ಹೊತ್ತು ಇನ್ನೊಂದು ಆದಾಗ, ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಚೀಲವನ್ನೋ ಬಟ್ಟೆಯನ್ನೋ ಹೊಸ್ತಿಲ ಆಚೆ, ನೆರೆಯವರ ಮನೆಯಲ್ಲಿ ಇಟ್ಟುಬಿಡುತ್ತಾರೆ. ಅಲ್ಲಿಗೆ ನಾವು ಹೊರಟಂತೆಯೇ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಒಂದೇ ನಿಯಮ, ಹೊರಗಿಟ್ಟದ್ದನ್ನು ಮತ್ತೆ ಒಳಗೆ ತರಬಾರದು. ಧಾರವಾಡದಲ್ಲಾದರೆ ಪಕ್ಕದ ಮನೆಯವರು ಚೀಲ ಇಟ್ಟುಕೊಂಡು ಚಹಾ ಕೊಟ್ಟು ಕಳಿಸುತ್ತಾರೆ. ಹೇಸ್‌ನಲ್ಲಿ ಶಾಂತಾಳ ಗೋಡೆಗೆ ಗೋಡೆ ಹತ್ತಿದ ಬಾಡಿಗೆ ಮನೆಯ ಪಕ್ಕದಲ್ಲಿರುವವಳು ಒಂಟಿ ಇಂಗ್ಲಿಷ್ ಮುದುಕಿ. ಈ ಚೀಲವನ್ನು ಬೆಳಗಿನವರೆಗೆ ಇಟ್ಟುಕೊಳ್ಳಿ ಎಂದರೆ ಅವಳು ಪೊಲೀಸರನ್ನೇ ಕರೆದಾಳು. ಅದಕ್ಕೆ ಶಾಂತಾ ಬೇರೆ ದಾರಿ ಹುಡುಕಿದಳು: ಚೀಲವನ್ನು ಕಾರಿನಲ್ಲಿ ಇಡುವುದು, ಕಾರನ್ನೇ ಹೊರಗಿಡುವುದು.

ಪ್ರಕಾಶನ ಕಾರು ಸುಮಾರು ಹತ್ತು ವರ್ಷದ ಡೀಸೆಲ್. ಇದಕ್ಕಿಂತ ಹಳೆಯ ಡೀಸೆಲ್ ಕಾರುಗಳು ಲಂಡನ್ನಿನಲ್ಲಿ ಓಡಿದರೆ ದಿನದ ಲೆಕ್ಕದಲ್ಲಿ ಸುಂಕ ಕಟ್ಟಬೇಕು. ತನ್ನದು ಆ ಗೆರೆಯ ಈಚೆ ಕೂದಲೆಳೆಯಲ್ಲಿ ಉಳಿದುಕೊಂಡಿದೆ ಎಂದು ಅವನಿಗೆ ಹೆಮ್ಮೆ. ಮನೆಯ ಹಿಂದಿನ ಓಣಿಯಲ್ಲಿ ಅದಕ್ಕೊಂದು ಗ್ಯಾರೇಜು ಬಾಡಿಗೆಗೆ ಹಿಡಿದಿದ್ದಾನೆ. ಸಂಜೆ ಅದನ್ನು ಅಲ್ಲಿಂದ ತೆಗೆದು, ಸುತ್ತಿ ಬಂದು, ಮನೆಯ ಮುಂದೆ ಸಟನ್ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದ. ಡಿಕ್ಕಿಯಲ್ಲಿ ನನ್ನ ಚೀಲ ಇಟ್ಟೆವು. ಅದರಲ್ಲಿ ಧಾರವಾಡ ಪೇಡೆ, ಶೇಂಗಾ ಚಟ್ನಿ, ಕಟಕ ರೊಟ್ಟಿ, ಮಾಮಾಗೊಂದು ಉಣ್ಣೆಯ ಕುಲಾವಿ ಇದ್ದವು. ಶಾಂತಾ ಬಾನೆಟ್ಟಿಗೆ ಕುಂಕುಮ ಹಚ್ಚಿ ಆರತಿ ಮಾಡಿದಳು. ಉರಿಯುವ ದೀಪ ಹತ್ತಿರ ಬರುತ್ತದೆಂದು ಪ್ರಕಾಶ ಎಂಜಿನ್ ಬಂದ್ ಮಾಡಿದ. ಅವಳಿಗೆ ಕಾಣಲಿ ಎಂದು ಆರತಿ ಮುಗಿಯುವವರೆಗೆ ಕಾರಿನ ದೀಪಗಳನ್ನೆಲ್ಲ ಹಚ್ಚಿಯೇ ಬಿಟ್ಟ. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಸೀಟಿನ ಬಿಸಿಯನ್ನೂ ಹಾಕಿದ. ದಾರಿಯಲ್ಲಿ ಹೋಗುವವರು ತಿರುತಿರುಗಿ ನೋಡಿದರು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ತಂಗಿಯ ಪ್ರೀತಿ ಅದು, ಬೇಡ ಎನ್ನುವುದು ಹೇಗೆ?

"ಇನ್ನ ಗ್ಯಾರೇಜಿಗೆ ಹಾಕ್ಲೇನು? ರಾತ್ರಿ ಭಾಳ ಥಂಡಿ ಐತಂತ" ಎಂದ ಪ್ರಕಾಶ.

"ಹೊಂಟದ್ದು ಹೊಂಟಂಗಽ. ವಾಪಸ್ ಒಳಗ ತಂದ್ರ ಪ್ರಸ್ಥಾನ ಹೆಂಗ ಆಗ್ತದ?" ಎಂದಳು ಶಾಂತಾ.

ಕಾರು ರಾತ್ರಿಯೆಲ್ಲ ರಸ್ತೆಯಲ್ಲೇ ಇತ್ತು.

ಬೆಳಗ್ಗೆ ಪರದೆ ಸರಿಸಿದರೆ ಬೀದಿಯೆಲ್ಲ ಬೆಳ್ಳಗಿತ್ತು. ಹಿಮ ಬಿದ್ದಿರಲಿಲ್ಲ, ಇಬ್ಬನಿಯೇ ಹೆಪ್ಪುಗಟ್ಟಿತ್ತು. ಸೊನ್ನೆಗಿಂತ ಐದು ಡಿಗ್ರಿ ಕೆಳಗೆ ಎಂದು ಫೋನು ತೋರಿಸಿತು. ಕಾರಿನ ಗಾಜಿನ ಮೇಲೂ ಬಾನೆಟ್ಟಿನ ಮೇಲೂ ಸುಣ್ಣ ಬಳಿದಂತೆ ಮಂಜು ಕೂತಿತ್ತು. ಕುಂಕುಮದ ಬೊಟ್ಟು ಅದರಡಿ ಅಸ್ಪಷ್ಟವಾಗಿ ಕಾಣುತ್ತಿತ್ತು. ಶಾಂತಾ ಕೆಟಲ್ಲಿನಲ್ಲಿ ಬಿಸಿನೀರು ತಂದಳು. "ಸುರೀಬ್ಯಾಡ, ಗ್ಲಾಸ್ ಸೀಳ್ತದ" ಎಂದು ಪ್ರಕಾಶ ತಡೆದು ಪ್ಲಾಸ್ಟಿಕ್ಕಿನ ಪಟ್ಟಿಯಿಂದ ಕೆರೆಯತೊಡಗಿದ. ಅಷ್ಟರಲ್ಲಿ ಮಾಮಿಯ ಫೋನು ಬಂತು. ಮಾಮಾ ಎದ್ದು ಗಡ್ಡ ಬೋಳಿಸಿಕೊಂಡು ಸ್ವೆಟರ್ ಹಾಕಿ ಕೂತಿದ್ದರಂತೆ. "ಇವತ್ತ ಭಾಳ ಚಲೋ ಅದಾರ. ಡ್ರೈವರ್ ಬರ್ತಾಳ ಅಂತ ಎರಡು ಸರ್ತಿ ಅಂದ್ರು" ಎಂದರು. ನನಗೆ ಆಗಲೇ ಸಟನ್ ತಲುಪಿದಷ್ಟು ಖುಷಿಯಾಯಿತು.

ಎಂಟೂವರೆಗೆ ಕೂತೆವು. ಪ್ರಕಾಶ ಚಾವಿಯನ್ನು ಅರ್ಧ ತಿರುಗಿಸಿದ. ಹೀಟರಿನ ಹಳದಿ ದೀಪ ಹತ್ತಿತು. ಅದು ಆರುವವರೆಗೆ ಕಾದ, ಪೂರ್ತಿ ತಿರುಗಿಸಿದ. ಎಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ಮತ್ತೆ ತಿರುಗಿಸಿದ. ಈ ಸಲ ನರಳಲೂ ಇಲ್ಲ, ಟಿಕ್ ಟಿಕ್ ಎಂದು ಸದ್ದು ಮಾತ್ರ ಬಂತು. ಮುಂದಿನ ದೀಪಗಳೆಲ್ಲ ಮಂಕಾದವು. ನಾನು ಡೀಸೆಲ್ ಗಾಡಿ ಓಡಿಸಿ ಬಾಳಿದವಳು, ಆ ಟಿಕ್ ಟಿಕ್ ಏನೆಂದು ನನಗೂ ಗೊತ್ತು. ಬ್ಯಾಟರಿ ಕೂತಿತ್ತು.

ಧಾರವಾಡದಲ್ಲಾದರೆ ನಾಲ್ಕು ಜನ ಸೇರಿ ದಬ್ಬುತ್ತಿದ್ದೆವು. ಇದು ಗೇರ್ ತಾನಾಗಿ ಬದಲಾಗುವ ಕಾರು, ದಬ್ಬಿದರೆ ಸ್ಟಾರ್ಟ್ ಆಗುವುದಿಲ್ಲ. ಎದುರು ಮನೆಯ ರಘುರಾಮ ಬಂದ. ಕುಂದಾಪುರದವನು, ಹೋಟೆಲಿನಲ್ಲಿ ಅಡುಗೆಯ ಕೆಲಸ, ರಾತ್ರಿ ಪಾಳಿ ಮುಗಿಸಿ ಇನ್ನೂ ಮಲಗಿರಲಿಲ್ಲ. "ಎಂತಾಯ್ತ್ ಮರ್ರೆ, ಸ್ಟಾರ್ಟ್ ಆತಿಲ್ಯಾ? ನನ್ ಹತ್ರ ಕೇಬಲ್ ಇತ್ತ್, ತತ್ತೆ" ಎಂದ. ತಂದ. ಅವನದು ಪುಟ್ಟ ಪೆಟ್ರೋಲ್ ಕಾರು, ಕೇಬಲ್ಲು ಬಟ್ಟೆ ಒಣಗಿಸುವ ಹಗ್ಗದಷ್ಟು ತೆಳ್ಳಗೆ. ಎರಡೂ ಕಾರುಗಳ ಮೂತಿಗೆ ಮೂತಿ ತಾಗಿಸಿ, ಅವನ ಬ್ಯಾಟರಿಯಿಂದ ನಮ್ಮ ಬಾನೆಟ್ಟಿನಡಿ ಇದಕ್ಕೆಂದೇ ಇರುವ ಕೊಂಡಿಗಳಿಗೆ ಕೇಬಲ್ಲು ಕಟ್ಟಿದರು, ಕಾದರು, ತಿರುಗಿಸಿದರು. ನಮ್ಮ ಎಂಜಿನ್ ಎರಡು ಸುತ್ತು ಸೋಮಾರಿಯಂತೆ ತಿರುಗಿ ಬಿಳಿಯ ಹೊಗೆ ಉಗುಳಿ ನಿಂತಿತು. "ಇನ್ನೊಂದ್ ಸಲ" ಎಂದ ಪ್ರಕಾಶ. ಇನ್ನೊಂದು ಸಲ, ಮತ್ತೊಂದು ಸಲ ಎನ್ನುತ್ತ ಒಂಬತ್ತು ದಾಟಿತು. ಶಾಂತಾ ಬಾಗಿಲಲ್ಲಿ ಕೈಹೊಸೆಯುತ್ತ ನಿಂತಿದ್ದಳು. ರಾಹುಕಾಲದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಆಗ ಒಂದು ಟ್ಯಾಕ್ಸಿ ಕರೆದಿದ್ದರೆ ಮುಗಿಯುತ್ತಿತ್ತು. ರೈಲುಗಳೂ ಇದ್ದವು, ಎರಡು ಕಡೆ ಬದಲಾಯಿಸಿ ಹೋಗಬಹುದಿತ್ತು. ನಾನು ಬಾಯಿ ತೆರೆಯಲಿಲ್ಲ. ತಂಗಿಯ ಮನೆಗೆ ಬಂದ ಅತಿಥಿ ನಾನು. ಅವರು ಅಷ್ಟು ಶ್ರದ್ಧೆಯಿಂದ ಹೊರಡಿಸಿದ ಕಾರನ್ನು ಬಿಟ್ಟು ಟ್ಯಾಕ್ಸಿ ತರಿಸಿ ಎಂದರೆ ಅವರಿಗೆ ಬೇಸರವಾದೀತು ಎನ್ನುವ ಸಂಕೋಚ. ಪ್ರಕಾಶನೂ ಇನ್ನೈದು ನಿಮಿಷ, ಇನ್ನೈದು ನಿಮಿಷ ಎನ್ನುತ್ತಲೇ ಇದ್ದ. ಕೊನೆಗೆ ರಸ್ತೆಯಲ್ಲಿ ಕೆಟ್ಟ ಗಾಡಿಗಳನ್ನು ರಿಪೇರಿ ಮಾಡಿಕೊಡುವ ಕಂಪನಿಗೆ ಫೋನ್ ಮಾಡಿದ. ಇಂಥ ಚಳಿಯಲ್ಲಿ ಊರ ತುಂಬ ಕಾರುಗಳು ನಿಂತಿವೆ, ತಾಸಿನೊಳಗೆ ಬರುತ್ತೇವೆ ಎಂದರು. ನಾವು ಒಳಗೆ ಕೂತು ಉಪ್ಪಿಟ್ಟು ತಿಂದೆವು.

ಹತ್ತು ದಾಟಿತ್ತು. ನಾನು ಹೊರಗೆ ಕಾರಿನ ಹತ್ತಿರ ನಿಂತು ದಾರಿ ನೋಡುತ್ತಿದ್ದಾಗ ಫೋನು ಮೊಳಗಿತು. ಮಾಮಿ ಎಂದುಕೊಂಡೆ. ಮಾಮಾ.

"ಡ್ರೈವರ್, ಎಲ್ಲಿದ್ದೀ?"

ಅದೇ ಧ್ವನಿ. ಸ್ವಲ್ಪ ಒಡೆದಿತ್ತು, ಆದರೆ ಅದೇ. "ಇನ್ನೂ ಇಲ್ಲೇ ಅದೀನಿ ಮಾಮಾ. ಗಾಡಿ ಸ್ಟಾರ್ಟ್ ಆಗವಲ್ದು" ಎಂದೆ.

"ಹೀಟರ್ ಹಾಕಿ ತಡದ್ಯೋ ಇಲ್ಲೋ?" ಎಂದು ನಕ್ಕರು. "ಆವತ್ತ ಕೆಲಗೇರಿ ಏರಿನ್ಯಾಗ ನೀ ಏನ ಮಾಡಿದ್ಯಪಾ ಅಂದ್ರ..."

ಅಷ್ಟರಲ್ಲಿ ರಿಪೇರಿಯವನ ವ್ಯಾನು ಬೀದಿಯ ತಿರುವಿನಲ್ಲಿ ಕಾಣಿಸಿತು. ಪ್ರಕಾಶ ಒಳಗಿನಿಂದ ಓಡಿ ಬಂದ. ಆ ಕಾರಿನ ಬ್ಯಾಟರಿ ಇರುವುದು ಡಿಕ್ಕಿಯ ತಳದಲ್ಲಿ, ಅದರ ಮೇಲೆ ನನ್ನ ಚೀಲ. "ಅಕ್ಕಾರ, ಚೀಲ ತಗೀರಿ ಲಗೂನ, ಅಂವ ಬಂದ" ಎಂದ. ನನಗೂ ಅವಸರ ಹತ್ತಿತು. ಇವನು ಬಂದನಲ್ಲ, ಇನ್ನು ಹೊರಟಂತೆಯೇ ಎಂದುಕೊಂಡೆ.

"ಮಾಮಾ, ಇಡ್ರಿ ಈಗ. ಬಂದು ಎದುರಿಗೇ ಕುಂತು ಮಾತಾಡ್ತೀನಿ" ಎಂದೆ.

"ಹೂಂ, ಬಾ. ಇಲ್ಲೇ ಕಿಟಕ್ಯಾಗ ಕುಂತಿರ್ತೀನಿ" ಎಂದರು. ನಾನೇ ಫೋನ್ ಇಟ್ಟೆ.

ಕೆಲಗೇರಿ ಏರಿನಲ್ಲಿ ನಾನು ಏನು ಮಾಡಿದ್ದೆನೋ ನನಗೆ ನೆನಪಿಲ್ಲ. ಅದು ಗೊತ್ತಿದ್ದವರು ಅವರೊಬ್ಬರೇ.

ರಿಪೇರಿಯವನು ಮಾತು ಕಡಿಮೆಯ ಮನುಷ್ಯ. ಚೀಲವನ್ನು ಮನೆಯೊಳಗೆ ಒಯ್ಯುವಂತಿಲ್ಲ ಎಂದು ಶಾಂತಾ ಸನ್ನೆ ಮಾಡಿದ್ದರಿಂದ ನಾನು ಅದನ್ನು ಕೂಸಿನಂತೆ ಎತ್ತಿಕೊಂಡು ಫುಟ್‌ಪಾತಿನಲ್ಲೇ ನಿಂತೆ. ಅವನು ಬ್ಯಾಟರಿಗೆ ತನ್ನ ಯಂತ್ರ ಹಚ್ಚಿ ನೋಡಿ, ನಿನ್ನೆ ಎಷ್ಟು ದೂರ ಓಡಿಸಿದಿರಿ ಎಂದು ಕೇಳಿದ. ಹಿಂದಿನ ಓಣಿಯಿಂದ ಮುಂದಿನ ಬೀದಿಗೆ, ಆಮೇಲೆ ಎಂಜಿನ್ ಬಂದ್ ಮಾಡಿ ದೀಪ, ಸೀಟಿನ ಬಿಸಿ ಹಾಕಿದ್ದೆ ಎಂದ ಪ್ರಕಾಶ. ಅವನು ತಲೆ ಎತ್ತಿ ಮೂವರನ್ನೂ ನೋಡಿದ. ಹಳೆಯ ಬ್ಯಾಟರಿ, ಒಮ್ಮೆ ಸ್ಟಾರ್ಟ್ ಮಾಡಲು ತೆಗೆದುಕೊಂಡ ಶಕ್ತಿಯನ್ನು ಮತ್ತೆ ತುಂಬಿಕೊಳ್ಳುವಷ್ಟು ಓಡಿಲ್ಲ, ಮೇಲೆ ದೀಪ, ಸೀಟಿನ ಬಿಸಿ, ರಾತ್ರಿಯ ಚಳಿ ಎಂದು ಹೇಳಿ ತನ್ನ ದಪ್ಪ ಕೇಬಲ್ಲು ಜೋಡಿಸಿದ. ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ಕೊನೆಗೂ ಹಿಡಿಯಿತು. ಕನಿಷ್ಠ ಒಂದು ತಾಸು ಎಲ್ಲಿಯೂ ಬಂದ್ ಮಾಡಬೇಡಿ ಎಂದು ಎಚ್ಚರಿಸಿ ಹೋದ.

ಹೊರಟಾಗ ಹನ್ನೊಂದಕ್ಕೆ ಸ್ವಲ್ಪವೇ ಇತ್ತು. ದೊಡ್ಡ ರಸ್ತೆ ಹಿಡಿದು ದಕ್ಷಿಣಕ್ಕೆ, ಫೆಲ್ಥಮ್ ದಾಟಿ, ಹ್ಯಾಂಪ್ಟನ್ ಕಡೆಗೆ. ತಣ್ಣಗಿನ ಎಂಜಿನ್ನನ್ನು ಜೋರು ಮಾಡಬಾರದೆಂದು ಪ್ರಕಾಶ ಮೊದಲು ಮೆಲ್ಲಗೆ ಓಡಿಸಿದ. ಕಾರಿನೊಳಗೆ ಬಿಸಿಗಾಳಿ ಬರಲೂ ಬಹಳ ಹೊತ್ತು ಹಿಡಿಯಿತು. ಡೀಸೆಲ್ಲಿನ ಗುಣವೇ ಅದು, ತಡವಾಗಿ ಕಾಯುತ್ತದೆ. ಬಿಸಿಲು ಇತ್ತು, ಆದರೆ ಕಾವಿರಲಿಲ್ಲ. ಹೊಲದಷ್ಟು ಅಗಲದ ಮೈದಾನಗಳಲ್ಲಿ ಹುಲ್ಲು ಬೆಳ್ಳಗೆ ನಿಂತಿತ್ತು. ಥೇಮ್ಸ್ ದಾಟುವಾಗ ನೀರಿನಿಂದ ಆವಿ ಏಳುತ್ತಿದ್ದುದನ್ನು ಕಂಡೆ. ಬೇರೆ ದಿನವಾಗಿದ್ದರೆ ಇಳಿದು ನೋಡುತ್ತಿದ್ದೆ.

ಕಿಂಗ್‌ಸ್ಟನ್ನಿನಲ್ಲಿ ಶನಿವಾರದ ಸಂತೆಯ ಗದ್ದಲ. ಅಂಗಡಿಗಳಿಗೆ ಬಂದ ಕಾರುಗಳ ಸಾಲು ಕದಲಲೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತರೆ ತಾನಾಗಿ ಎಂಜಿನ್ ಬಂದ್ ಆಗುವ ಏರ್ಪಾಡು ಆ ಕಾರಿನಲ್ಲಿತ್ತು. ಅದನ್ನು ಪ್ರಕಾಶ ಒಂದು ಬಟನ್ ಒತ್ತಿ ಮೊದಲೇ ತಪ್ಪಿಸಿದ್ದ. ಪ್ರತಿ ಸಿಗ್ನಲ್ಲಿನಲ್ಲೂ ಅವನ ಕಣ್ಣು ಆ ಬಟನ್ ಮೇಲೆ, ನನ್ನ ಕಣ್ಣು ಗಡಿಯಾರದ ಮೇಲೆ. ಹಿಂದಿನ ಸೀಟಿನಲ್ಲಿದ್ದ ಶಾಂತಾ ಮುಂದಕ್ಕೆ ಬಾಗಿದಳು. "ಒಳ್ಳೆ ಹೊತ್ತು ನೋಡಾಕ ಹೋಗಿ ನಿನ್ನ ಹೊತ್ತಽ ಕಳದ್ನೇನೋ ಅಕ್ಕಾ" ಎಂದಳು. ಅಳುತ್ತಿದ್ದಳು.

"ಅದರಾಗ ನಿಂದೇನೈತಿ? ಸುಮ್ನಿರು" ಎಂದೆ. ನಿಜವಾಗಿಯೂ ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಕೈಯಲ್ಲಿದ್ದ ಫೋನು ಕೆಂಡ ಹಿಡಿದಂತೆ ಸುಡುತ್ತಿತ್ತು. ಒಮ್ಮೆ ಮಾಮಿಗೆ ಕರೆ ಮಾಡಿದೆ. "ಬರ್ರಿ, ಬರ್ರಿ" ಎಂದರು ಅಷ್ಟೇ, ಮಾಮಾನ ಸುದ್ದಿ ಹೇಳಲಿಲ್ಲ.

ಸಟನ್ ಮುಟ್ಟಿದಾಗ ಹನ್ನೆರಡೂವರೆ. ಸ್ಟೇಷನ್ನಿನ ಹಿಂದಿನ ಸಣ್ಣ ಏರು ಹತ್ತಿದರೆ ಮಾಮಾನ ಮನೆ. ಮುಂದೆ ಬೋಳಾಗಿ ಸವರಿದ ಗುಲಾಬಿ ಗಿಡಗಳು, ದೊಡ್ಡ ಕಿಟಕಿ. ಕಿಟಕಿಯಲ್ಲಿ ಮಾಮಾ ಕೂತಿದ್ದರು. ನಾನು ಕೈ ಬೀಸಿದೆ. ಅವರೂ ಬೀಸಿದರು. ನನ್ನ ಎದೆ ಹಗುರಾಯಿತು. ಮಾಮಿ ಬಾಗಿಲು ತೆಗೆದಾಗ ಅವರ ಮುಖ ನೋಡಿಯೇ ತಿಳಿಯಿತು, ಅವರು ದಾರಿಯಲ್ಲಿ ಹೋಗುವ ಎಲ್ಲರಿಗೂ ಕೈ ಬೀಸುತ್ತಿದ್ದಾರೆ.

"ಬರ್ರಿ, ಬರ್ರಿ, ಕೂಡ್ರಿ. ಹೊರಗ ಭಾಳ ಥಂಡಿ ಅದ" ಎಂದರು ಮಾಮಾ ನನಗೆ, ಹೊಸ ಬೀಗರನ್ನು ಕರೆದಂತೆ. "ಯಾವ ಊರ್ರಿ ನಿಮ್ದು?"

"ಧಾರವಾಡ್ರಿ."

"ಹೌದೇನ್ರಿ? ನಮ್ದೂ ಧಾರವಾಡನ" ಎಂದು ಅವರ ಮುಖ ಅರಳಿತು. ಪೇಡೆ ತಿಂದು ಭಾಳ ಚಲೋ ಅದಾವ್ರಿ ಎಂದರು. ಕುಲಾವಿ ಹಾಕಿಕೊಂಡು ಕನ್ನಡಿ ಕೇಳಿದರು. ನಾನು ಅವರ ಕಾಲಿನ ಹತ್ತಿರ ಮಣೆಯ ಮೇಲೆ ಕೂತು, "ಮಾಮಾ, ನಾನು. ನಿಮ್ಮ ಡ್ರೈವರ್" ಎಂದೆ. ಅವರು ನನ್ನನ್ನು ನೋಡಿದರು, ಕಾರಿನ ಚಾವಿ ಹಿಡಿದು ನಿಂತಿದ್ದ ಪ್ರಕಾಶನನ್ನು ನೋಡಿದರು. "ಡ್ರೈವರ್ ಇವ್ರಲ್ರೀ?" ಎಂದರು, ಮರ್ಯಾದೆಯಿಂದ. ಹೇಳಬೇಕೆಂದು ಧಾರವಾಡದಿಂದ ಹೊತ್ತು ತಂದ ಮಾತನ್ನು ಆದರೂ ಹೇಳಿದೆ. ಜೀಪು, ನರ್ಸರಿ, ಪಿಕಪ್ಪು, ಎಲ್ಲ. ಮಾಮಾ ಗಮನವಿಟ್ಟು ಕೇಳಿದರು. "ಯಾರೋ ಪುಣ್ಯಾತ್ಮರು ಚಲೋ ಕಲಿಸ್ಯಾರ ನಿಮಗ" ಎಂದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಮಾಮಿಯ ಜೊತೆ ರೊಟ್ಟಿ ತಟ್ಟೆಗೆ ಹಾಕಿದೆ.

ಸಂಜೆಯಾದರೆ ಅವರಿಗೆ ಕಳವಳ ಹೆಚ್ಚುತ್ತದೆ, ಹೊಸಬರಿದ್ದರೆ ಹೆದರುತ್ತಾರೆ ಎಂದು ಮಾಮಿ ಹೇಳಿದ್ದರಿಂದ ಮೂರಕ್ಕೇ ಎದ್ದೆವು. ಆಗಲೇ ಬಿಸಿಲು ಮನೆಗಳ ಹಿಂದೆ ಸರಿದಿತ್ತು. ನಮಸ್ಕಾರ ಮಾಡಲು ಬಗ್ಗಿದೆ. ಮಾಮಾ ನನ್ನ ಕೈ ಹಿಡಿದುಕೊಂಡರು.

"ಧಾರವಾಡಕ್ಕ ಹೋಗ್ತೀರೇನ್ರಿ?"

"ಹೌದ್ರಿ. ನಾಳೆ."

"ಹಂಗಾರ ಒಂದ್ ಮಾತು. ನಮ್ಮ ಹುಡುಗಿ ಒಬ್ಬಾಕಿ ಬರ್ತೀನಂದಿದ್ಲು. ಮುಂಜಾನಿಂದ ಕಾಯಾಕತ್ತೀನಿ, ಬರ್ಲಿಲ್ಲ. ಫೋನ್ ಮಾಡಿದ್ನಿ, ಇಡ್ರಿ ಅಂದ್ಲು. ಗಾಡಿ ಸ್ಟಾರ್ಟ್ ಆಗವಲ್ದಂತ." ಅವರು ದನಿ ತಗ್ಗಿಸಿದರು, ಮಾಮಿಗೆ ಕೇಳಬಾರದೆಂಬಂತೆ. "ನಿಮಗ ಸಿಕ್ಕರ ಹೇಳ್ರಿ. ಹೀಟರ್ ಕಾಯೂತನಕ ಚಾವಿ ತಿರುವಬ್ಯಾಡ ಅಂತ. ಆಕಿಗೆ ಮೊದಲಿಂದ ಅವಸರ ಭಾಳ."

"ಹೇಳ್ತೀನ್ರಿ" ಎಂದೆ.

ಕಾರಿನಲ್ಲಿ ಕೂತೆವು. ಪ್ರಕಾಶ ಚಾವಿಯನ್ನು ಅರ್ಧ ತಿರುಗಿಸಿ ಕಾದ. ಹಳದಿ ದೀಪ ಆರಿತು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಏರು ಇಳಿಯುವ ಮೊದಲು ತಿರುಗಿ ನೋಡಿದೆ. ಮಾಮಾ ಹೊಸ ಕುಲಾವಿ ಹಾಕಿಕೊಂಡು ಕಿಟಕಿಯಲ್ಲೇ ಕೂತಿದ್ದರು. ನಾನು ಕೈ ಬೀಸಿದೆ. ಈ ಸಲ ಅವರು ಬೀಸಲಿಲ್ಲ. ನಮ್ಮ ಕಾರನ್ನು ದಾಟಿ, ಅದು ಬಂದಿದ್ದ ರಸ್ತೆಯ ತುದಿಯನ್ನು ನೋಡುತ್ತ ಕಾಯುತ್ತಿದ್ದರು.